ಕೋಟಿನ ತೂಕ

ಪಂದ್ಯದ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನೀರಿನಲ್ಲಿ ನಿಮ್ಮ ಅನುಭವವೇನು? ಅಣ್ಣ ಮುಲಾಜಿಲ್ಲದೆ ಬರೆದ: ‘ಇಬ್ಬರೂ ದಿನಾ ಸ್ನಾನ ಮಾಡುತ್ತೇವೆ.’

ಅವನು ಪಾರ್ಸೆಲ್ ಆಫೀಸಿನಲ್ಲಿ ತೂಕದ ಗುಮಾಸ್ತ. ತಂಗಿ ದರ್ಜಿ. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಒಂದೇ ಅಂಗಡಿ, ಒಂದೇ ಕಿಟಕಿ, ಒಂದೇ ಹೊಲಿಗೆ ಮಷೀನು. ಅವಳು ಹೊಲಿದ ಷರಟುಗಳು ರೈಲು ಹತ್ತಿದ್ದವು, ವಿಮಾನ ಹತ್ತಿದ್ದವು. ಅವಳು ಮಾತ್ರ ಬಸ್ ಸ್ಟ್ಯಾಂಡಿನಾಚೆ ಕಾಲಿಟ್ಟವಳಲ್ಲ. ಇಬ್ಬರೇ ಒಂದು ದೋಣಿಯಲ್ಲಿ ಕೂತು, ಐವತ್ತು ದಿನ ಹುಟ್ಟು ಹಾಕಿ ಸಾಗರ ದಾಟುವ ಪಂದ್ಯ. ಆ ಸುದ್ದಿಯನ್ನು ಅಣ್ಣ ಪೇಪರಿನಿಂದ ಹರಿದು ತಂದು, ನೇರ ಅವಳ ಮಷೀನಿನ ಸೂಜಿಯ ಕೆಳಗೆ ಇಟ್ಟಿದ್ದ.

“ಹೋಗೋಣ ಕಣೇ.”

“ಎಲ್ಲಿಗೆ?”

“ಆಚೆ ದಡಕ್ಕೆ.”

“ಅಲ್ಲೇನಿದೆ?”

“ನಿನ್ನ ಗಿರಾಕಿಗಳಿಲ್ಲ.”

ಆ ಒಂದು ಮಾತಿಗೆ ಅವಳು ಒಪ್ಪಿಬಿಟ್ಟಳು. ಆದರೆ ಅಣ್ಣ ಬೆನ್ನ ಹಿಂದೆ ಕೂತರೆ ಮಾತ್ರ ಸಾಗರ. ಅವನಿಲ್ಲದಿದ್ದರೆ ಬಚ್ಚಲಿನ ಹೊಸ್ತಿಲೂ ದಾಟುವವಳಲ್ಲ ಎಂದು ಅವತ್ತೇ ಖಡಾಖಂಡಿತವಾಗಿ ಹೇಳಿದ್ದಳು.

ಕಲಿಸಲು ಸಿಕ್ಕವರು ಹಡಗಿನ ಕೆಲಸದಿಂದ ನಿವೃತ್ತರಾದ ಒಬ್ಬ ಮುದುಕರು. ಊರೆಲ್ಲ ಅವರನ್ನು ಕಪ್ತಾನರು ಎನ್ನುತ್ತಿತ್ತು. ಮೊದಲ ದಿನ ಕೆರೆಯಲ್ಲಿ ದೋಣಿ ನಿಂತಲ್ಲೇ ನಾಲ್ಕು ಸುತ್ತು ಹಾಕಿತು. ಕಪ್ತಾನರು ದಡದಿಂದ ಕಿರುಚಿದರು: “ಏನಮ್ಮಾ! ಕೈಯಲ್ಲಿರೋದು ಹುಟ್ಟು, ಸೌಟಲ್ಲ! ಕೆರೇನ ಕಲಕಬೇಡ, ಅದು ತಳ ಹಿಡಿಯಲ್ಲ!”

ಮನೆಗೆ ಬರುವ ದಾರಿಯಲ್ಲಿ ಅಣ್ಣ ಅದನ್ನೇ ಅನುಕರಿಸಿದ. ಕಪ್ತಾನರ ಮೂಗುದನಿ, ಮಾತಿನ ನಡುವಿನ ಕೆಮ್ಮು, ಕೊನೆಗೆ ಹಾರ್ಮೋನಿಯಂ ಮುಚ್ಚಿದಂಥ ನಗು, ಒಂದೂ ಬಿಡಲಿಲ್ಲ. ತಂಗಿ ನಕ್ಕೂ ನಕ್ಕೂ ರಸ್ತೆಯ ಮೇಲೇ ಕುಕ್ಕರಿಸಿಬಿಟ್ಟಳು.

ದೋಣಿಯಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ, ಒಬ್ಬರ ಹಿಂದೊಬ್ಬರು ಕೂರಬೇಕು. ಅವಳ ಹಿಂದೆ ಅಣ್ಣ. ಅವನಿಗೆ ಅವಳ ಬೆನ್ನು ಕಾಣುತ್ತಿತ್ತು, ಅವಳಿಗೆ ಅವನ ದನಿ ಮಾತ್ರ. “ತಿರುಗಿ ನೋಡಿದ್ರೆ ದೋಣಿ ವಾಲುತ್ತೆ,” ಎಂದು ಕಪ್ತಾನರ ಕಟ್ಟಪ್ಪಣೆ. ಇನ್ನೊಂದು ಅಪ್ಪಣೆ ಊಟದ್ದು. “ಸಮುದ್ರ ಮೈಮೇಲಿನ ಮಾಂಸ ತಿನ್ನುತ್ತೆ. ಹೊರಡೋ ಹೊತ್ತಿಗೆ ಹತ್ತು ಕೆಜಿ ಏರಿಸ್ಕೊಳ್ಳಿ.”

ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಪಾರ್ಸೆಲ್ ಆಫೀಸಿನ ದೊಡ್ಡ ತಕ್ಕಡಿಯ ಮೇಲೆ ಅಣ್ಣತಂಗಿಯರ ತೂಕ. ಅವಳು ಚಪ್ಪಲಿ ಬಿಟ್ಟು ಹತ್ತುತ್ತಿದ್ದಳು. ಅವನು ಆಫೀಸಿನ ದಪ್ಪ ಕೋಟು ತೊಟ್ಟೇ ಹತ್ತುತ್ತಿದ್ದ. ಈಚೆಗೆ ಅವನಿಗೆ ಯಾವಾಗ ನೋಡಿದರೂ ಚಳಿ. ಮೂರು ತಿಂಗಳಲ್ಲಿ ಅವಳು ಏರಿದ್ದು ಎರಡು ಕೆಜಿ, ಅವನು ಎಪ್ಪತ್ತರಿಂದ ಎಪ್ಪತ್ತಮೂರು.

“ಅದೇ ಸಾರು, ಅದೇ ಅನ್ನ. ನಿಂಗೆ ಮಾತ್ರ ಹೇಗೆ ಹತ್ತುತ್ತೆ?”

“ನಿನ್ನ ಬೈಗುಳ ತಿಂತೀನಲ್ಲ, ಅದು ಹೆಚ್ಚುವರಿ.”

ಸಮುದ್ರಕ್ಕೆಂದು ನೀರಿಳಿಯದ ಬಟ್ಟೆ ತಂದು, ಜಾಕೆಟ್ಟು ಹೊಲಿಯಲು ಅವನ ಎದೆಯಳತೆ ತೆಗೆದಳು. ಹೋದ ವರ್ಷ ಮೂವತ್ತೆಂಟು ಇದ್ದದ್ದು ಈಗ ಮೂವತ್ತಾರು. ತಕ್ಕಡಿ ಏರಿತು ಅನ್ನುತ್ತದೆ, ಟೇಪು ಇಳಿಯಿತು ಅನ್ನುತ್ತದೆ! ಟೇಪು ಬಟ್ಟೆಯದು; ಹಳೆಯದಾದರೆ ಹಿಗ್ಗುತ್ತದೆ, ಹಿಗ್ಗಿದ ಟೇಪು ಎಲ್ಲರನ್ನೂ ತೆಳ್ಳಗೆ ತೋರಿಸುತ್ತದೆ. ಗಿರಾಕಿಗಳಿಗೆ ಅದೇ ಇಷ್ಟ. ಅವಳು ಹಳೆಯ ಟೇಪನ್ನು ಕಸಕ್ಕೆಸೆದು ಹೊಸದು ತಂದಳು. ಮುಂದಿನ ವಾರ ಅವನನ್ನು ಮತ್ತೆ ನಿಲ್ಲಿಸಿದಳು. ಕೋಟನ್ನು ಅವಳ ಕೈಗೆ ಕೊಡದೆ ತಾನೇ ಬಿಚ್ಚಿ, ಗೋಡೆಯ ಗೂಟಕ್ಕೆ ತಗುಲಿಸಿ, ಅವನು ಕೈ ಚಾಚಿ ನಿಂತ.

ಮೂವತ್ತೈದೂವರೆ.

“ಇದೂ ಹಿಗ್ಗಿದೆ ಕಣೇ. ಅಂಗಡಿಯವನು ನಿನ್ನ...” ಎಂದು ಅವನು ಬಾಯಿ ತೆರೆಯುವುದಕ್ಕೂ ಗೂಟ ಕಿತ್ತು ಬರುವುದಕ್ಕೂ ಸರಿಹೋಯಿತು. ಕೋಟು ಬಿದ್ದರೆ ಥಪ್ ಎನ್ನಬೇಕು. ಇದು ಧಡ್ ಎಂದಿತು.

ಅವಳು ಬಗ್ಗಿ ಎತ್ತಲು ಹೋದಳು. ಮೊದಲ ಸಲಕ್ಕೆ ಅದು ಮೇಲೇಳಲಿಲ್ಲ. ಒಳಗಿನ ಅಸ್ತರಿನ ಅಂಚನ್ನು ತಿರುವಿದಳು. ಪಾರ್ಸೆಲ್ ಆಫೀಸಿನ ಅರ್ಧರ್ಧ ಕೆಜಿಯ ತೂಕದ ಕಲ್ಲುಗಳು, ಸಾಲಾಗಿ ಒಳಗಿಟ್ಟು ಹೊಲಿದವು. ಹನ್ನೆರಡು. ವಾರಕ್ಕೊಂದರಂತೆ.

ಕಲ್ಲಿಗಿಂತ ಮೊದಲು ಅವಳು ಓದಿದ್ದು ಹೊಲಿಗೆಯನ್ನು. ಗುಂಡಿ ಹಾಕುವುದನ್ನಷ್ಟೇ ಅವಳು ಅವನಿಗೆ ಕಲಿಸಿದ್ದಳು, ಅದೇ ಹೊಲಿಗೆ. ಮೊದಲ ಕಲ್ಲಿನ ಸುತ್ತ ಒತ್ತಾಗಿ, ನೇರವಾಗಿ ಇತ್ತು. ಆರನೆಯದರ ಹೊತ್ತಿಗೆ ಉದ್ದುದ್ದ. ಹತ್ತನೆಯದು ವಕ್ರ. ಹನ್ನೆರಡನೆಯದನ್ನು ಹೊಲಿಯಲು ಕೈ ಬಂದಿರಲಿಲ್ಲ. ದಾರ ಸುತ್ತಿ ಗಂಟು ಹಾಕಿಬಿಟ್ಟಿದ್ದ.

“ಡಾಕ್ಟ್ರು ಏನಂದ್ರು?” ತಲೆ ಎತ್ತದೆ ಕೇಳಿದಳು.

“ಅವ್ರೂ ನನ್ನ ಜಾತಿಯವ್ರೇ. ಅಳೆದು ತೂಗಿ ಹೇಳಿದ್ರು.”

“ಎಷ್ಟು?”

“ಪಂದ್ಯಕ್ಕೆ ಇನ್ನು ಐದು ತಿಂಗಳಿದೆ. ನಂಗೆ ಅಷ್ಟಿಲ್ಲ.”

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅವಳು ಕೆಳಗೆ ಬಿದ್ದಿದ್ದ ಟೇಪನ್ನೆತ್ತಿ, ಮತ್ತೆ ಮೂವತ್ತೈದೂವರೆಯ ಹತ್ತಿರವೇ ಹಿಡಿದಳು.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಅವತ್ತೇ ಹುಟ್ಟು ಕೆಳಗಿಡ್ತಿದ್ದೆ. ಈಗ ನೋಡು, ದೋಣಿ ನೆಟ್ಟಗೆ ಹೋಗುತ್ತೆ. ಕಪ್ತಾನರ ಮಗಳಿಗೆ ಹೇಳಿದೀನಿ, ನನ್ನ ಜಾಗದಲ್ಲಿ ಅವಳು ಕೂತ್ಕೋತಾಳೆ. ಗಟ್ಟಿ ಹುಡುಗಿ. ಹೋಗ್ತೀಯ ತಾನೇ?”

“ಅವಳ ಅಳತೆ ನನ್ನ ಹತ್ರ ಇಲ್ಲ.”

“ತಗೊಂಡ್ರಾಯ್ತು.”

“ತಗೊಳ್ಳಲ್ಲ.”

ಮರುದಿನ ಅವಳೇ ಕಪ್ತಾನರ ಮನೆಗೆ ಹೋಗಿ, ಪಂದ್ಯದ ಪಟ್ಟಿಯಿಂದ ಇಬ್ಬರ ಹೆಸರನ್ನೂ ತೆಗೆಸಿ ಬಂದಳು. ಅಣ್ಣ ರೇಗುತ್ತಾನೆ, ಬಾಯಿಗೆ ಬಂದಂತೆ ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಬೈಯಲಿಲ್ಲ. ಕಟಿಂಗ್ ಮೇಜಿನ ಮೇಲೆ ಸಾಲಾಗಿಟ್ಟಿದ್ದ ಹನ್ನೆರಡು ಕಲ್ಲುಗಳನ್ನು ನೋಡುತ್ತ ಕೂತ.

“ಹಾಗಾದ್ರೆ ನಾನು ಹೊತ್ತಿದ್ದೆಲ್ಲ ದಂಡ,” ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮಷೀನಿನ ಮುಂದೆ ಕೂತು, ಮೂವತ್ತೈದೂವರೆಯ ಜಾಕೆಟ್ಟನ್ನು ಕತ್ತರಿಸಿ ಹೊಲಿದಳು. ಇಪ್ಪತ್ತೆರಡು ವರ್ಷದಲ್ಲಿ ಬೇರೆ ಯಾವ ಗಿರಾಕಿಗೂ ಅವಳ ಹೊಲಿಗೆ ಅಷ್ಟು ಸರಿಯಾಗಿ ಕೂತಿರಲಿಲ್ಲ.

“ಭಾನುವಾರ ಕೆರೆಗೆ ಬಾ,” ಎಂದಳು.

“ಯಾಕೆ? ಪಂದ್ಯ ಇಲ್ವಲ್ಲ.”

“ಜಾಕೆಟ್ಟು ನೀರಲ್ಲಿ ಹೇಗೆ ಅಂತ ನೋಡ್ಬೇಕು.”

ಭಾನುವಾರ ಕಪ್ತಾನರು ದಡದಿಂದ ಒಂದು ಮಾತೂ ಕಿರುಚಲಿಲ್ಲ. ಅವರ ಬದಲು ಅಣ್ಣನೇ ಹಿಂದಿನಿಂದ ಅವರ ದನಿ ತೆಗೆದ. “ಎಳಿಯಮ್ಮಾ... ಬಿಡು. ಎಳಿ... ಬಿಡು.” ಮೂಗುದನಿ ಸರಿಯಾಗಿ ಬಂತು. ನಗುವಿನ ಹತ್ತಿರ ಬಂದಾಗ ಉಸಿರು ಸಾಲಲಿಲ್ಲ. ಕೆಮ್ಮು ಬಂತು, ಅದು ಅನುಕರಣೆಯಲ್ಲ.

ನಡುಕೆರೆಗೆ ಬರುವಷ್ಟರಲ್ಲಿ ದೋಣಿ ಭಾರವಾಯಿತು. ಅವಳು ಎರಡೇ ಸಲ ಎಳೆದು ತಿಳಿದುಕೊಂಡಳು: ಹಿಂದಿನ ಜೋಡಿ ಹುಟ್ಟು ನೀರಿಗೆ ಇಳಿಯುತ್ತಿಲ್ಲ, ಮೇಲಿಂದ ಸುಮ್ಮನೆ ಸವರುತ್ತಿದೆ. ತಿರುಗಿ ನೋಡಲಿಲ್ಲ. ಪಾದ ಒತ್ತಿ, ಸೊಂಟ ಬಿಗಿದು, ಇಬ್ಬರ ಪಾಲಿನದನ್ನೂ ಎಳೆಯತೊಡಗಿದಳು. ದಡದ ಮೇಲಿನ ಕಪ್ತಾನರು ಸಣ್ಣಗಾಗುತ್ತ ಹೋದರು.

“ಅಣ್ಣಾ,” ಎಂದಳು. “ಅಷ್ಟು ಜೋರಾಗಿ ಎಳೀಬೇಡ್ವೋ. ನಿನ್ನ ಸಮಕ್ಕೆ ನಂಗಾಗಲ್ಲ.”

ಹಿಂದಿನ ಹುಟ್ಟಿನಿಂದ ಹನಿಗಳು ಬೀಳುವುದಷ್ಟೇ ಕೇಳಿಸುತ್ತಿತ್ತು.

“ಸರಿ ಬಿಡು,” ಎಂದ ಅಣ್ಣ. ಕಪ್ತಾನರ ದನಿಯಲ್ಲ, ತನ್ನದೇ ದನಿಯಲ್ಲಿ. “ನಿಧಾನಕ್ಕೇ ಎಳೀತೀನಿ.”