ನಾಲ್ಕು ಮಡಿಕೆ

ಕಿಟಕಿ ಪಕ್ಕದ ಸೀಟು ಖಾಲಿ ಇದೆ, ಬಿಸಿಲು ಬಿದ್ದು ರೆಕ್ಸಿನ್ ಹೊಳೀತಿದೆ, ಆದರೂ ಕವನ ಕಂಬಿ ಹಿಡಿದು ನಿಂತೇ ಇದ್ದಾಳೆ, ಸೀಟಿದೆಯಲ್ಲಮ್ಮ ಅಂತ ಕಂಡಕ್ಟರ್ ಎರಡು ಸಲ ಹೇಳಿ ಹೋದ, ಭದ್ರಾವತಿ ಏನು ದೂರ, ನಿಂತೇ ಹೋಗಬಹುದು — ಮತ್ತೆ ಜಾರಿದೆ ಕಣಮ್ಮ, ಅಂದರು ಬೆಳಿಗ್ಗೆ ಶಿವಮೊಗ್ಗದ ಡಾಕ್ಟರು, ಕೈಗವಸು ಬಿಚ್ಚುತ್ತಾ, ಪೆನ್ನು ಕೆಳಗೆ ಬಿತ್ತು ಅನ್ನೋ ಹಾಗೆ. ಏಳು ವರ್ಷ. ಇಪ್ಪತ್ನಾಲ್ಕಕ್ಕೆ ಹೊರಗೆ ಜಾರುತ್ತಿದ್ದ ಗುದನಾಳವನ್ನು ಮೇಲಕ್ಕೆಳೆದು ಹೊಲಿದಿದ್ದರು, ಚಿಕ್ಕ ವಯಸ್ಸು, ಇನ್ನು ಬರಲ್ಲ ಅಂತ ಅವಳೇ ಅಂದುಕೊಂಡಿದ್ದು, ಅವರು ಹಾಗೆ ಹೇಳಿರಲಿಲ್ಲ, ಭಾರ ಎತ್ತಬೇಡ, ತಿಣುಕಬೇಡ, ವರ್ಷಕ್ಕೊಮ್ಮೆ ಬಂದು ತೋರಿಸು ಅಂದಿದ್ದರು, ಎರಡು ವರ್ಷ ಹೋದಳು, ಆಮೇಲೆ ಮದುವೆ, ಭೀಮೇಶನಿಗೆ ಏನಂತ ಹೇಳಿ ಹೋಗೋದು, ಅವನಿಗೆ ಗೊತ್ತಿರೋದು ಅಪೆಂಡಿಕ್ಸ್. ಹೇಳಿಕೊಟ್ಟವಳು ಅಮ್ಮ, ಅಪೆಂಡಿಕ್ಸ್ ಅಂದುಬಿಡು, ಹೊಟ್ಟೆ ಮೇಲಿನ ಮೂರು ಹೊಲಿಗೆ ಚುಕ್ಕಿ ನೋಡಿ ಯಾರಿಗೇನು ಗೊತ್ತಾಗುತ್ತೆ. ನೀರಿನ ಕ್ಯಾನ್ ಮುಂದೆ ಅವಳು ಹಿಂಜರಿದಾಗ ಭೀಮೇಶ ನಗ್ತಿದ್ದ, ಯಾವ ಕಾಲದ ಅಪೆಂಡಿಕ್ಸೇ ಮಾರಾಯ್ತಿ, ಅವಳೂ ನಕ್ಕು ಎತ್ತಿದಳು, ಇಪ್ಪತ್ತು ಲೀಟರ್, ದಿನಾ, ನಾಲ್ಕು ವರ್ಷ. ಈಗ ಗಂಡನ್ನ ಕರ್ಕೊಂಡು ಬಾ ಅಂತಾರೆ, ಮತ್ತೆ ಆಪರೇಷನ್ ಆಗಬೇಕು, ತಡ ಮಾಡಿದರೆ ಹಿಡಿತ ಪೂರ್ತಿ ತಪ್ಪುತ್ತಂತೆ, ಮೂವತ್ತೊಂದಕ್ಕೇ, ಅವನಿಗೆ ಏನನ್ನೋದು, ಅಪೆಂಡಿಕ್ಸ್ ಎರಡು ಸಲ ಯಾರಿಗೆ ತೆಗೀತಾರೆ. ನಿಮ್ಮ ಅಮ್ಮನಿಗೆ ಇದಿತ್ತಾ ಅಂತಲೂ ಕೇಳಿದರು, ಇಲ್ಲ ಸಾರ್ ಅಂದಳು, ಯೋಚನೆ ಕೂಡ ಮಾಡದೆ. ಬಸ್ಸು ಕುಲುಕಿತು, ಒಳಗೆ ಜಗ್ಗಿತು, ಮುಂದಿನ ಸೀಟಿನ ಅಜ್ಜಿ ಕೈ ಹಿಡಿದು ಕೂತ್ಕೊ ಮಗಾ ಅಂದಳು, ಕೂತು ಕೂತು ಸಾಕಾಗಿದೆ ಅಜ್ಜಿ — ಬಾಯಿ ಅವಳದು, ಮಾತು ಅಮ್ಮನದು. ಬಸ್ಸಲ್ಲಿ ಅಮ್ಮ ಇದನ್ನೇ ಹೇಳ್ತಿದ್ದಳು, ಮದುವೆ ಮನೆಯಲ್ಲಿ ಎಲ್ಲರೂ ಪಂಕ್ತಿಗೆ ಕೂತರೆ ಬಡಿಸೋಕೆ ನಿಲ್ಲೋಳು, ಕ್ವಾರ್ಟರ್ಸ್ ಮೆಟ್ಟಿಲ ಮೇಲೆ ಕೂರುವಾಗ ಹಳೇ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು, ಒಂದು ಮಗ್ಗುಲಿಗೆ ವಾಲಿ, ಮುಳ್ಳಿನ ಮೇಲೆ ಕೂರೋ ಹಾಗೆ. ಬಚ್ಚಲ ಹಿಂದೆ, ಯಾರೂ ಹೋಗದ ಕಡೆ ಒಣಗುತ್ತಿದ್ದ ಆ ಬಟ್ಟೆಗಳು. ಅಪೆಂಡಿಕ್ಸ್ ಅನ್ನೋ ಸುಳ್ಳು ಅಮ್ಮನಿಗೆ ಅಷ್ಟು ಬೇಗ ಹೊಳೆದಿದ್ದು ಹೇಗೆ. ಫೋನು ಕಿವಿಯಲ್ಲಿದೆ, ಯಾವಾಗ ಒತ್ತಿದಳೋ, ಏನಂದ್ರು ಡಾಕ್ಟರು ಅಂತಿದ್ದಾಳೆ ಅಮ್ಮ, ಅಮ್ಮಾ, ನಿಂಗೂ ಇದೆಯಾ, ಅತ್ತ ಕುಕ್ಕರ್ ಕೂಗಿ ನಿಂತಿತು, ಆಮೇಲೆ ಸಣ್ಣ ದನಿ, ನೀನು ಹುಟ್ಟಿದಾಗಿಂದ, ಯಾರಿಗೂ ಹೇಳ್ಬೇಡ. ಮೂವತ್ತೊಂದು ವರ್ಷ, ತೋರಿಸದೆ, ಕೂರದೆ. ನಿಲ್ಲೋಕಾಗ್ತಿಲ್ಲ, ಕೂರಬೇಕು, ಕವನ ಸೀಟಿನತ್ತ ತಿರುಗಿದಳು, ಅಲ್ಲಿ ಅವಳದೇ ವೇಲು, ಅವಳದೇ ಕೈ ಅವಳಿಗೆ ತಿಳಿಯದೆ ಆಗಲೇ ಹಾಸಿಟ್ಟಿದೆ, ಒಂದು, ಎರಡು, ಮೂರು, ನಾಲ್ಕು ಮಡಿಕೆ.