ಕಲ್ಲುಮನೆಯ ಕೆಳಗಿನ ಡಬ್ಬಿ

ಓತಿಕ್ಯಾತ ಬಂಡೆಯ ಮೇಲೆ ಕುಳಿತು ಹೌದು ಹೌದು ಎಂದು ತಲೆಯಾಡಿಸುತ್ತಿದೆ, ಮಾಲತೇಶನೂ ಹೀಗೆಯೇ, ನಾನು ಏನು ಹೇಳಿದರೂ ತಲೆಯಾಡಿಸಿ ಕೊನೆಗೆ ತನಗೆ ಬೇಕಾದ್ದನ್ನೇ ಮಾಡುತ್ತಿದ್ದ — ಬದುಕಿದ್ದಾಗ ಗಂಡನ ಹೆಸರನ್ನು ಬಾಯಲ್ಲಿ ಹಿಡಿದವಳಲ್ಲ, ಈಗ ಮನಸ್ಸಿನಲ್ಲಿ ಹಿಡಿದರೆ ಕೇಳುವವರು ಯಾರು — ಹಾನಗಲ್ಲಿನಲ್ಲಿ ಮೊಬೈಲ್ ರಿಪೇರಿ ಮಾಡುವವನಿಗೆ ಮಾಸೂರಿನ ಈ ಗುಡ್ಡದ ನೆತ್ತಿಯಲ್ಲಿ ಏನು ಕೆಲಸ, ಅಂಗಡಿಗೆ ಬಂದ ಯಾವನೋ ಸೈಕಲ್ಲಿನವನು ಕಲಿಸಿಕೊಟ್ಟ ಆಟವಂತೆ, ಜಿಯೋಕ್ಯಾಶಿಂಗ್, ಒಬ್ಬರು ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಮೊಬೈಲಿಗೆ ಹಾಕುವುದು, ಇನ್ನೊಬ್ಬರು ಅದನ್ನು ನೋಡಿಕೊಂಡು ಹುಡುಕುವುದು, ಮೀಸೆ ಬೆಳ್ಳಗಾದ ಮೇಲೆ ಕಣ್ಣಾಮುಚ್ಚಾಲೆ ಬೇಕಾಗಿತ್ತು ಇವನಿಗೆ. ಆಡಲಿ, ಬೇಡ ಅಂದವರು ಯಾರು, ಆದರೆ ನನ್ನ ಒಗ್ಗರಣೆ ಡಬ್ಬಿಯೇ ಬೇಕಿತ್ತೇ, ತವರಿನಿಂದ ತಂದದ್ದು, ಮುಚ್ಚಳದ ಮೇಲೆ ಅಪ್ಪ ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಮಂಜುಳಾ ಎಂದು ಹೆಸರು ಹೊಡೆಸಿದ್ದು, ಸಾಸಿವೆ ಜೀರಿಗೆಯನ್ನೆಲ್ಲ ಕಾಗದಕ್ಕೆ ಸುರಿದು ಒಯ್ದಿದ್ದ. ಎಲ್ಲಿಟ್ಟೀರಿ ಅಂದರೆ, ನೀನ ಹೋಗಿ ಹುಡುಕು, ಒಳಗ ನಿನಗಂತ ಒಂದ ಸಾಮಾನ ಇಟ್ಟೇನಿ, ಏನಂತ ಹೇಳೂದಿಲ್ಲ ನೋಡು. ಹೋಗ್ತೇನಿ ತಗೋರಿ, ದೀಪಾವಳಿ ಮುಗೀಲಿ, ಸುಗ್ಗಿ ಮುಗೀಲಿ, ಮೊಣಕಾಲ ಬ್ಯಾನಿ ಕಡಿಮಿ ಆಗ್ಲಿ. ಹೋದ ವರ್ಷ ಅಂಗಡಿಯ ಶಟರ್ ಎಳೆಯುವಾಗ ಎದೆ ಹಿಡಿದುಕೊಂಡು ಕುಸಿದ, ಒಳಗೆ ಏನಿದೆ ಎಂದು ಹೇಳುವವರು ಯಾರೂ ಉಳಿಯಲಿಲ್ಲ.

ಅಕ್ಕಾರ, ಹುಷಾರ್ರಿ, ಕಲ್ಲ ಜಾರತೈತಿ, ಎನ್ನುತ್ತಾಳೆ ಶಂಕ್ರವ್ವ, ಕೆಳಗೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದವಳು, ದಾರಿ ಕೇಳಿದ್ದಕ್ಕೆ ಕುಡಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಜೊತೆಗೇ ಬಂದಳು, ನನಗಿಂತ ಹಿರಿಯಳು, ದಮ್ಮು ಹತ್ತಿದ್ದು ಮಾತ್ರ ನನಗೆ. ಕೆಳಗೆ ಮದಗದ ಕೆರೆ, ಗಾಳಿಗೆ ಸೆರಗು ನಿಲ್ಲುವುದಿಲ್ಲ, ಮೊಬೈಲಿನ ಬಾಣ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಹತ್ತಿರ ಬಂದಂತೆಲ್ಲ ಇದಕ್ಕೂ ತಲೆ ಕೆಡುತ್ತದೆ — ಏನಿಟ್ಟಿರಬಹುದು, ಬೆಂಡೋಲೆಯೇ, ಮೂಗಿನ ನತ್ತೇ, ಅಷ್ಟು ದೊಡ್ಡ ಮನುಷ್ಯನೇ ಅವನು, ಹುರಿದ ಪುಟಾಣಿಯ ಪೊಟ್ಟಣ ಇದ್ದರೂ ಇದ್ದೀತು, ಇರಲಿ, ಇರುವೆ ತಿಂದಿದ್ದರೂ ಆ ಪೊಟ್ಟಣ ನನ್ನದು, ಇನ್ನು ಅವನಿಂದ ನನಗೆ ಬರುವುದು ಅದೊಂದೇ. ಎರಡು ಬಂಡೆಗಳ ಸಂದು, ಮೇಲೊಂದು ಹಾಸುಗಲ್ಲು, ಮೊಬೈಲಿನಲ್ಲಿ ಅವನು ಹಾಕಿದ್ದ ಸುಳಿವು ಇದೇ, ಕಲ್ಲಿನಡಿ ಬಗ್ಗಿ ನೋಡಿದರೆ ಸ್ಟೀಲು ಮಿಂಚುತ್ತದೆ, ಮುಚ್ಚಳದ ಅಂಚು, ಚುಕ್ಕಿ ಚುಕ್ಕಿಯ ಮಂ. ಕೈ ಹೋಗುವುದಿಲ್ಲ, ಹಾಸುಗಲ್ಲನ್ನೇ ಎತ್ತಬೇಕು, ತಡೀರಿ ಅಕ್ಕಾರ, ಶಂಕ್ರವ್ವ ನನ್ನ ಮೊಣಕೈ ಹಿಡಿದಳು, ಮ್ಯಾಲ ನೋಡ್ರಿ.

ಹಾಸುಗಲ್ಲಿನ ಮೇಲೆ ಮನೆ. ಕಲ್ಲಿನ ಮೇಲೆ ಕಲ್ಲು, ದೊಡ್ಡದರ ಮೇಲೆ ಸಣ್ಣದು, ಎಲ್ಲಕ್ಕಿಂತ ಮೇಲಿನದಕ್ಕೆ ಕುಂಕುಮ, ಸ್ವಂತ ಮನೆ ಆಗಲಿ ಎಂದು ಬೇಡಿಕೊಂಡು ಗುಡ್ಡದ ಮೇಲೆ ಪೇರಿಸುವ ಮನೆ, ನನ್ನ ತವರು ಹಿರೇಬೆಂಡಿಗೇರಿಯ ಹೆಂಗಸರೂ ಪೇರಿಸುತ್ತಾರೆ, ಬೇಡಿದ್ದು ಕೈಗೂಡಿದ ಮೇಲೆ ಕಟ್ಟಿದವರೇ ಬಂದು ಇಳಿಸಬೇಕು, ಅದಕ್ಕೂ ಮೊದಲು ಬೇರೆಯವರ ಕೈ ತಗಲಿ ಬಿದ್ದರೆ ಮನೆ ಏಳುವುದಿಲ್ಲ. ಯಾರದವ್ವ ಇದು ಅಂದೆ. ನಂದರೀ, ಹೋದ ಮಳಿಗಾಲದಾಗ ಮನಿ ಗ್ವಾಡಿ ಬಿತ್ತಲ್ರಿ, ತಂಗಿ ಪಡಸಾಲ್ಯಾಗ ಅದೇವಿ, ಈಗ ಪಾಯಾ ಹಾಕೇವ್ರಿ, ಈ ಕಲ್ಲ ಯಾರೋ ಹಾಸಿಟ್ಟಂಗ ಸಪಾಟ ಇತ್ತು, ಅದಕ್ಕ ಇಲ್ಲೇ ಕಟ್ಟಿನಿ. ಹಾಸಿಟ್ಟವನು ಯಾರೆಂದು ನನಗೆ ಗೊತ್ತು, ಅಲುಗಬಾರದೆಂದು ಕೆಳಗೆ ಕಲ್ಲಿನ ಚಕ್ಕೆ ಸಿಕ್ಕಿಸಿದ್ದಾನೆ, ಅಂಗಡಿಯ ಮೇಜಿನ ಕಾಲಿಗೂ ಹೀಗೆಯೇ ಸಿಕ್ಕಿಸುತ್ತಿದ್ದ. ಒಳಗಿಂದು ನಿಮ್ದೇನ್ರಿ, ಅಂದಳು, ನಮ್ಮನಿಯವ್ರ ಇಟ್ಟದ್ದು, ಅಂದೆ, ಅವರೀಗ ಇಲ್ಲ. ಹಂಗಾರ ತಗೋರಿ, ನಾ ಮತ್ತ ಕಟ್ಟತೇನಿ, ಅನ್ನುತ್ತಾಳೆ ಶಂಕ್ರವ್ವ, ಕೈ ಮಾತ್ರ ಕಲ್ಲಿನ ಮೇಲಿಂದ ತೆಗೆಯುವುದಿಲ್ಲ.

ಸಿಟ್ಟು ಬಂತು, ಗುಡ್ಡದ ತುಂಬ ಕಲ್ಲು ಬಿದ್ದಿವೆ, ಇವಳಿಗೆ ಇದೇ ಬೇಕಿತ್ತೇ, ಒಂದು ಕ್ಷಣ ಎತ್ತಿಬಿಡೋಣ ಅನ್ನಿಸಿತು, ಬೆರಳು ಕಲ್ಲಿನ ಅಂಚಿನಲ್ಲೇ ಇತ್ತು, ಅಳುವೂ ಬಂತು, ಮಾಲತೇಶ ಇದ್ದಿದ್ದರೆ ಹೌದು ಹೌದು ಎಂದು ತಲೆಯಾಡಿಸಿ ಕಲ್ಲು ಮುಟ್ಟದೆಯೇ ಗುಡ್ಡ ಇಳಿಯುತ್ತಿದ್ದ ಎಂದು ನನಗೆ ಗೊತ್ತು, ಅದಕ್ಕೇ ಅಳು. ಬ್ಯಾಡ ಯವ್ವಾ, ನಿನ್ನ ಮನಿ ಎದ್ದ ಮ್ಯಾಲ ನೀನ ಇಳಿಸು, ಆವಾಗ ನನ್ನ ಕರಿ. ಕರೀತೇನ್ರಿ ಅಕ್ಕಾರ, ಮನಿ ಹೊಗೂ ದಿನಾನ ಕರೀತೇನಿ, ಊಟಾ ಮಾಡ್ಕೊಂಡ ಇಬ್ರೂ ಗುಡ್ಡಾ ಹತ್ತೂಣು. ಈಗ ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಮೊಬೈಲಿನ ಪರದೆ ಡಬ್ಬಿ ಸಿಕ್ಕಿತೇ ಎಂದು ಕೇಳುತ್ತಿದೆ, ಏನು ಒತ್ತಲಿ, ಸಿಕ್ಕಿದೆ, ಸಿಕ್ಕಿಲ್ಲ, ಒಳಗ ಏನ ಇಟ್ಟೀರಿ, ಹೇಳೂದಿಲ್ಲ ನೋಡು, ಇನ್ನೊಮ್ಮೆ ಬಗ್ಗುತ್ತೇನೆ, ಬಿಸಿಲು ಸರಿದು ಸಂದಿನೊಳಗೆ ಬಿದ್ದಿದೆ, ಮೇಲೆ ಶಂಕ್ರವ್ವನ ಮನೆ, ಕೆಳಗೆ ಮುಚ್ಚಳ, ಚುಕ್ಕಿ ಚುಕ್ಕಿಯಾಗಿ ಮಂ, ಚುಕ್ಕಿ ಚುಕ್ಕಿಯಾಗಿ ಮಂ —