ಕತ್ತಿ ಎತ್ತಿಕೊಳ್ಳುವವರೆಗೆ

ಅವಳು ಆಡಿಸುತ್ತಿದ್ದ ಅಜ್ಜಿಯ ಕೈಯಿಂದ ಕತ್ತಿ ಹಾರಿ, ಬಾವಿಕಟ್ಟೆಯ ಪಕ್ಕದ ಹಿಮದಲ್ಲಿ ನೆಟ್ಟುಕೊಂಡಿತು. ಅಲ್ಲಿಗೆ ಮುಗಿಯಿತು ಎಂದುಕೊಂಡು ಅವಳು ಕಂಟ್ರೋಲರನ್ನು ಮಡಿಲಿಗೆ ಇಳಿಸಿದಳು. ಆಟ ಕೊಂಡು ತಂದ ಒಂಬತ್ತು ದಿನಗಳಲ್ಲಿ ಅವಳು ಕಲಿತ ಪಾಠ ಒಂದೇ: ಇಂಟರ್‌ನೆಟ್ಟಿನಲ್ಲಿ ಎದುರು ಸಿಗುವವರಿಗೆ ದಯೆ ದಾಕ್ಷಿಣ್ಯ ಇಲ್ಲ. ಕತ್ತಿ ಬಿದ್ದದ್ದು ಕಂಡರೆ ಸಾಕು, ಮೇಲೆ ಬಿದ್ದು ಚಚ್ಚುತ್ತಾರೆ.

ಆದರೆ ಪರದೆಯ ಮೇಲಿನ ಹುಲ್ಲು ಟೋಪಿಯವನು ಚಚ್ಚಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದ. ಒಂದು ಸಲ ಕೂತು ಎದ್ದ. ಇನ್ನೊಂದು ಸಲ ಕೂತು ಎದ್ದ. ಆಮೇಲೆ ಕತ್ತಿ ಇಳಿಬಿಟ್ಟು ಸುಮ್ಮನೆ ನಿಂತ.

ಅವಳಿಗೆ ಬೆನ್ನಿನ ಮೇಲೆ ತಣ್ಣೀರು ಸುರಿದ ಹಾಗಾಯಿತು. ಹೇಗೋ ಅಜ್ಜಿಯನ್ನು ಬಾವಿಯ ಹತ್ತಿರ ನಡೆಸಿ ಕತ್ತಿ ಎತ್ತಿಕೊಂಡಳು. ಮುಂದಿನ ಅರ್ಧ ನಿಮಿಷದಲ್ಲಿ ಹೀನಾಯವಾಗಿ ಸೋತಳು. ಗೆದ್ದವರು ಆಟದಲ್ಲಿ ಇಟ್ಟುಕೊಂಡ ಹೆಸರು ಪರದೆಯ ಮೇಲೆ ಬಂತು: ‘ಮೂರನೇ ಬೆಂಚು’.

ಕೂತು ಏಳುವ ಆ ಗುರುತು ಆಟ ಮಾಡಿದವರಿಗೂ ಗೊತ್ತಿರಲಾರದು. ಅದು ಗೊತ್ತಿದ್ದದ್ದು ಇಡೀ ಲೋಕದಲ್ಲಿ ಇಬ್ಬರಿಗೆ. ಒಬ್ಬಳು ತಾನು, ಇನ್ನೊಬ್ಬ ಅಣ್ಣ.

ಒಂದು ಕಾಲದಲ್ಲಿ ಅವರ ಶಾಲೆಯ ಹಿಂದಿನ ಬೀದಿಯಲ್ಲಿ ವಿಡಿಯೋ ಗೇಮ್ ಅಂಗಡಿಯೊಂದಿತ್ತು. ಮಾಲೀಕನಿಗೆ ಮಕ್ಕಳೆಲ್ಲ ಚಿಲ್ಲರೆ ಮಾಮ ಎನ್ನುತ್ತಿದ್ದರು; ಯಾರಾದರೂ ನೋಟು ಚಾಚಿದರೆ ಅವನ ಮುಖ ಹರಳೆಣ್ಣೆ ಕುಡಿದ ಹಾಗಾಗುತ್ತಿತ್ತು. ಐದು ಯಂತ್ರಗಳಲ್ಲಿ ಕೊನೆಯದು ಕತ್ತಿ ಗೇಮ್. ಜಪಾನಿನ ಹಳೇ ಕಾಲದ ಕತ್ತಿಗಾರರು ಹಿಮ ಬೀಳುವ ಬಾವಿಕಟ್ಟೆಯ ಬಳಿ, ಮರದ ಸೇತುವೆಯ ಮೇಲೆ, ಸುಟ್ಟ ಕೋಟೆಯೆದುರು ಜೋಡಿ ಜೋಡಿಯಾಗಿ ಕಾದಾಡುವ ಆಟ. ಅಣ್ಣ ಯಾವಾಗಲೂ ಹುಲ್ಲು ಟೋಪಿಯವನು. ಹತ್ತು ವರ್ಷದ ಅವಳು, ಬೇರೆ ಯಾರೂ ಮುಟ್ಟದ ಬಿಳಿ ಜಡೆಯ ಅಜ್ಜಿಯನ್ನು ಆರಿಸಿಕೊಂಡಿದ್ದಳು. ಯಾಕೆ ಎಂದು ಕೇಳಿದರೆ, ಪಾಪ, ಅವಳನ್ನ ಯಾರೂ ಕರೆಯಲ್ಲ, ಎಂದಿದ್ದಳಂತೆ.

ಜೋರಾಗಿ ಏಟು ಬಿದ್ದರೆ ಕೈಯಲ್ಲಿದ್ದ ಕತ್ತಿ ಹಾರಿಹೋಗುವುದು ಆ ಆಟದ ವಿಶೇಷ. ಬರಿಗೈಯಾದಾಗ ಅವಳು ಅಳಲು ಶುರು ಮಾಡುತ್ತಿದ್ದಳು. ಅಂಗಡಿ ತುಂಬ ಹುಡುಗರು, ನಡುವೆ ಮೂಗು ಸುರಿಸುವ ತಂಗಿ. ಅಣ್ಣನಿಗೆ ಮಾನ ಹೋದಂತಾಗಿ ಒಂದು ದಿನ ಗಂಭೀರವಾಗಿ ಹೇಳಿದ, ಜಪಾನಿನಲ್ಲಿ ಕತ್ತಿ ಬಿದ್ದವರಿಗೆ ಹೊಡೆಯುವ ಹಾಗಿಲ್ಲ, ಎರಡು ಹೆಜ್ಜೆ ಹಿಂದೆ ಹೋಗಿ, ಎರಡು ಸಲ ಕೂತು ಎದ್ದು, ಅವರು ಎತ್ತಿಕೊಳ್ಳುವವರೆಗೆ ಕಾಯಬೇಕು, ಲೈಬ್ರರಿಯ ದಪ್ಪ ಪುಸ್ತಕದಲ್ಲಿದೆ ಎಂದು. ಅವಳು ನಂಬಿದಳು. ಮೂರು ವರ್ಷದ ಮೇಲೆ ಆ ದಪ್ಪ ಪುಸ್ತಕವನ್ನೇ ತೆಗೆದು ನೋಡಿದಾಗ ಅದು ಸಾಬೂನು ತಯಾರಿಕೆಯ ಪುಸ್ತಕವಾಗಿತ್ತು. ಅಷ್ಟರಲ್ಲಿ ನಿಯಮ ಕೈಗೆ ಅಂಟಿಹೋಗಿತ್ತು. ಬೇರೆಯವರ ಜೊತೆ ಹೇಗಾದರೂ ಆಡುತ್ತಿದ್ದರು. ತಮ್ಮಿಬ್ಬರ ನಡುವೆ ಮಾತ್ರ ಅದನ್ನು ಒಮ್ಮೆಯೂ ಮೀರಲಿಲ್ಲ.

ಇಲ್ಲ, ಒಮ್ಮೆ ಮೀರಿದಳು. ಅಂಗಡಿ ಮುಚ್ಚುವ ಮುನ್ನಾದಿನ ಚಿಲ್ಲರೆ ಮಾಮ ಪಂದ್ಯ ಇಟ್ಟಿದ್ದ. ಗೆದ್ದವರಿಗೆ ಆ ಯಂತ್ರದ ನೆತ್ತಿಯ ಮೇಲಿದ್ದ ಚಿತ್ರದ ಗಾಜು. ಕೊನೆಗೆ ಉಳಿದವರು ಅಣ್ಣ ತಂಗಿ. ಅವಳಿಗೆ ಹದಿನೇಳು, ಅವನಿಗೆ ಇಪ್ಪತ್ತು. ಹಿಂದೆ ನಿಂತಿದ್ದ ಹುಡುಗರು, ಅಣ್ಣ ಬಿಟ್ಟುಕೊಟ್ಟರೆ ಇವಳದ್ದು ಗೆಲುವು, ಇಲ್ಲದಿದ್ದರೆ ಇಲ್ಲ, ಎಂದು ಕಿಸಕ್ಕನೆ ನಗುತ್ತಿದ್ದರು. ಕೊನೆಯ ಸುತ್ತಿನಲ್ಲಿ ಅಣ್ಣನ ಶಕ್ತಿ ಅವಳದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿತ್ತು. ಗಡಿಯಾರದಲ್ಲಿ ಹದಿನೈದು ಎಣಿಕೆ ಬಾಕಿ. ಅವಳ ಏಟಿಗೆ ಅಣ್ಣನ ಕತ್ತಿ ಹಾರಿ ಅವನ ಕಾಲ ಬುಡದಲ್ಲೇ ಬಿತ್ತು. ಅವಳು ಹಿಂದೆ ಸರಿದಳು, ಕೂತಳು, ಎದ್ದಳು, ಕೂತಳು, ಎದ್ದಳು. ಅಣ್ಣ ನಿಂತೇ ಇದ್ದ. ಎಣಿಕೆ ಆರಕ್ಕೆ ಬಂದಾಗ ಅವಳ ಕೈ ಗುಂಡಿಯನ್ನು ಒತ್ತಿಬಿಟ್ಟಿತು.

ಅಂಗಡಿ ಕೂಗಾಡಿತು. ಅಣ್ಣ ಅವಳ ಮುಖ ನೋಡದೆ, “ಚೆನ್ನಾಗಿ ಆಡಿದೆ” ಎಂದು ಹೇಳಿ ಹೊರಗೆ ಹೋದ. ಆಮೇಲೆ ಅವನು ಅವಳ ಜೊತೆ ಯಾವ ಆಟವನ್ನೂ ಆಡಲಿಲ್ಲ. ಕೇರಂ ಬೋರ್ಡು ಕೂಡ ಗೋಡೆಗೆ ಒರಗಿಯೇ ಉಳಿಯಿತು.

ಮಾತು ಬಿಟ್ಟವರಲ್ಲ. ಅಮ್ಮನ ಮಾತ್ರೆ ತಂದೆಯಾ, ಗ್ಯಾಸ್ ಬಂತಾ, ಸರಿ, ಇಡ್ತೀನಿ. ಮೌನ ಬಂಗಾರ ಎನ್ನುತ್ತಾರೆ. ಇಪ್ಪತ್ತಾರು ವರ್ಷದ ಮೌನಕ್ಕೆ ಇಬ್ಬರ ಮನೆಯಲ್ಲೂ ಇಡಲು ಜಾಗವಿಲ್ಲದಷ್ಟು ಬಂಗಾರ ಇರಬೇಕಿತ್ತು. ಗೆದ್ದ ಗಾಜು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬೀರುವಿನ ಹಿಂದೆ ನಿಂತಿತ್ತು. ಅವಳು ಅದನ್ನು ಒಂದು ದಿನವೂ ಗೋಡೆಗೆ ಹಾಕಲಿಲ್ಲ. ಅಣ್ಣ ತನ್ನನ್ನು ಕ್ಷಮಿಸಿಲ್ಲ ಎಂಬುದು ಅವಳಿಗೆ ಸೂರ್ಯ ಚಂದ್ರರಷ್ಟು ಖಚಿತವಾಗಿತ್ತು.

ಒಂಬತ್ತು ದಿನದ ಹಿಂದೆ ಅಂಗಡಿಯೊಂದರ ಗಾಜಿನ ಹಿಂದೆ ಅದೇ ಆಟದ ಏಳನೇ ಭಾಗ ಕಂಡಿತ್ತು. ಡಬ್ಬಿಯ ಮೂಲೆಯಲ್ಲಿ ಬಿಳಿ ಜಡೆಯ ಅಜ್ಜಿ. ಅಜ್ಜಿಗೆ ಒಂದು ದಿನವೂ ವಯಸ್ಸಾಗಿರಲಿಲ್ಲ. ಇವಳ ತಲೆಯೇ ಅರ್ಧ ಅಜ್ಜಿಯ ಬಣ್ಣಕ್ಕೆ ತಿರುಗಿತ್ತು. ಹಿಂದೆ ಮುಂದೆ ನೋಡದೆ ಟಿವಿಗೆ ಜೋಡಿಸುವ ಪೆಟ್ಟಿಗೆ ಸಮೇತ ಕೊಂಡು ತಂದಳು.

ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ದಂತವೈದ್ಯರಿಂದ ಬಂದ ಅಚ್ಚುಗಳಿಗೆ ಪ್ಲಾಸ್ಟರ್ ಹುಯ್ದರೆ ಅದು ಗಟ್ಟಿಯಾಗಲು ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆ ಈಗ ಆಟದ್ದು. ಮರುದಿನ ಸಂಜೆ ನಾಲ್ಕೂವರೆಗೆ ‘ಮೂರನೇ ಬೆಂಚು’ ಮತ್ತೆ ಸಿಕ್ಕಿತು. ಈ ಆಟ ಹತ್ತಿರದ ಊರಿನವರನ್ನೇ ಮೊದಲು ಹುಡುಕಿ ಜೋಡಿಸುತ್ತದೆ, ಅದರಲ್ಲೂ ಸೋಲುವವರಿಗೆ ಸೋಲುವವರನ್ನೇ. ಅವನ ಕತ್ತಿ ಬಿದ್ದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದು ಎರಡು ಸಲ ಕೂತು ಎದ್ದಳು. ಎದುರಿನವನು ಕ್ಷಣ ಹೊತ್ತು ಅಲುಗಲಿಲ್ಲ. ಆಮೇಲೆ ಕತ್ತಿ ಎತ್ತಿಕೊಂಡ. ಅಂದು ಅವಳು ಮೇಣದಲ್ಲಿ ಕೂರಿಸಿದ ಹಲ್ಲುಗಳೆಲ್ಲ ಒಂದು ಕಡೆಗೆ ವಾಲಿದ್ದವು. ಕಿತ್ತು ಮತ್ತೆ ಕೂರಿಸಬೇಕಾಯಿತು.

ಮೂರು ದಿನ ಹೀಗೇ ನಡೆಯಿತು. ಅಣ್ಣ ಮಾತಿನಲ್ಲಿ ಕೊಡಲಾರದ್ದನ್ನು ಹೀಗೆ ಕೊಡುತ್ತಿದ್ದಾನೆ ಎಂದುಕೊಂಡು ಅವಳು ಅಡುಗೆಮನೆಯಲ್ಲಿ ಒಬ್ಬಳೇ ಗುನುಗಿದಳು. ನಾಲ್ಕನೇ ದಿನ, ಆಟದ ನಡುವೆಯೇ, ಫೋನು ಹಿಡಿದು ಅಮ್ಮ ಬಂದಳು. ಮಗಳು ಮಾಡಿಕೊಟ್ಟ ಹಲ್ಲಿನಲ್ಲೇ ಮಗಳನ್ನು ಕಡಿಯುವವಳು ಅಮ್ಮ.

“ಟಿವಿ ಮುಂದೆ ಕೂತು ಕತ್ತಿ ಬೀಸ್ತಾ ಇದೀಯ. ಅಲ್ಲಿ ನಿಮ್ಮಣ್ಣ ಬೆಳಗ್ಗೆಯಿಂದ ಲಿಫ್ಟಿನ ಬಾವೀಲಿ ನೇತಾಡ್ತಾ ಇದಾನಂತೆ, ಈಗ ಫೋನ್ ಮಾಡಿದ್ದ. ಏಳು ಗಂಟೆ ಆಗುತ್ತಂತೆ ಮೇಲೆ ಬರೋಕೆ.”

ಅಣ್ಣ ಲಿಫ್ಟು ರಿಪೇರಿಯವನು. ಅವಳು ಪರದೆ ನೋಡಿದಳು. ಹುಲ್ಲು ಟೋಪಿಯವನು ಕೂತು ಏಳುತ್ತಿದ್ದ. ಹಾಗಾದರೆ ಇವನು ಯಾರು? ಯಾರೋ ಪರಕೀಯನ ಮುಂದೆ ಮೂರು ದಿನ ತನ್ನ ಹೊಟ್ಟೆಯೊಳಗಿನದನ್ನೆಲ್ಲ ಹರವಿಕೊಂಡು ಕೂತಿದ್ದೆನೇ ಎಂದು ನಾಚಿಕೆಯಾಯಿತು.

ಅಮ್ಮ ಮಾತು ನಿಲ್ಲಿಸಿರಲಿಲ್ಲ. ಅಣ್ಣನ ಮಗಳು ಶಾಲೆಯ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡದ್ದು, ಇನ್ನೂ ಮೂರು ವಾರ ಪ್ಲಾಸ್ಟರು, ಆ ಹುಡುಗಿಯೂ ಇಡೀ ದಿನ ಇದೇ ಥರ ಟಿವಿಗೆ ಅಂಟಿಕೊಂಡಿರುವುದು, ಸೋದರತ್ತೆಯ ಬುದ್ಧಿಯೇ ಬಂದಿರುವುದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಇವಳು ಕಂಟ್ರೋಲರ್ ಇಟ್ಟು, ಪ್ಲಾಸ್ಟರ್ ಹತ್ತಿದ ಕೈಯನ್ನು ಸೀರೆಗೇ ಒರೆಸಿಕೊಂಡಳು.

ಹಾಗಾದರೆ ಎದುರು ಆಡುತ್ತಿದ್ದದ್ದು ಆ ಹುಡುಗಿ. ಅಣ್ಣ ನಿಯಮವನ್ನು ಮಗಳಿಗೆ ಕಲಿಸಿದ್ದಾನೆ. ಕಲಿಸಿದವನು ಅದನ್ನು ಮುರಿದವಳ ಕಥೆಯನ್ನು ಬಿಟ್ಟಿರುತ್ತಾನೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ಅವಳದು. ಎರಡು ದಿನ ಆಟದ ಕಡೆ ತಲೆ ಹಾಕಲಿಲ್ಲ. ಭಾನುವಾರ ಮಧ್ಯಾಹ್ನ, ಹುಡುಗಿಯ ಕಾಲು ನೋಡುವ ನೆಪದಲ್ಲಿ ಬಸ್ಸು ಹತ್ತಿದಳು.

ಅತ್ತಿಗೆ ಮನೆಯಲ್ಲಿರಲಿಲ್ಲ. ಬಾಗಿಲು ತೆಗೆದ ಅಣ್ಣ, “ಅಮ್ಮ ಹುಷಾರಾಗಿದಾಳೆ ತಾನೆ?” ಎಂದು ಕೇಳಿ, ಕೂರಲು ಹೇಳಿ, ಕಾಫಿ ಮಾಡುತ್ತೇನೆಂದು ಒಳಗೆ ತಪ್ಪಿಸಿಕೊಂಡ. ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದ ಹುಡುಗಿ ಟಿವಿಯಿಂದ ಕಣ್ಣು ಕೀಳಲಿಲ್ಲ. ಅಲ್ಲಿ ‘ಮೂರನೇ ಬೆಂಚು’ ಹೆಸರಿನ ಹುಲ್ಲು ಟೋಪಿಯವನು ಕತ್ತಿ ಬಿದ್ದವನ ಮುಂದೆ ಕೂತು ಏಳುತ್ತಿದ್ದ. ಕತ್ತಿ ಎತ್ತಿಕೊಂಡವನು ಅವನನ್ನು ಚಚ್ಚಿ ಹಾಕಿದ.

“ಬಿಳಿ ಜಡೆ ಅಜ್ಜಿ ಒಬ್ರು ಸಿಗ್ತಿದ್ರು ಅತ್ತೆ. ಅವರೊಬ್ರೇ ಕಾಯ್ತಿದ್ದಿದ್ದು. ಎರಡು ದಿನದಿಂದ ಕಾಣ್ತಿಲ್ಲ,” ಎಂದು ಹುಡುಗಿ ನಿಟ್ಟುಸಿರು ಬಿಟ್ಟಳು.

ಕಾಯುವುದನ್ನು ಯಾರು ಹೇಳಿಕೊಟ್ಟರು ಎಂದು ಅವಳು ಕೇಳಿದಳು, ಗೊತ್ತಿಲ್ಲದವಳ ಹಾಗೆ. ಅಪ್ಪ ಹೇಳಿಕೊಟ್ಟರು, ಜಪಾನಿನಲ್ಲಿ ಹಾಗೇ ಅಂತೆ, ದಪ್ಪ ಪುಸ್ತಕದಲ್ಲಿ ಇದೆಯಂತೆ ಎಂದಳು ಹುಡುಗಿ. ಅತ್ತೆಗೆ ನಗು ಬಂತು. ನಗುವ ಹೊತ್ತಿಗೆ ಹುಡುಗಿ ಮುಂದುವರಿಸಿದಳು:

“ಇದನ್ನ ಯಾರಾದ್ರೂ ಮುರಿದಿದಾರಾ ಅಂತ ಕೇಳಿದೆ. ಒಂದೇ ಸಲ, ನಾನೇ ಮುರಿದೆ, ಅಂದ್ರು. ನಿಮ್ಮತ್ತೆಗೆ ಮೋಸ ಮಾಡಿದೆ ಅಂದ್ರು. ಹೌದಾ ಅತ್ತೆ?”

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಅವಳು ಎದ್ದು ಹೋದಳು. ಅಣ್ಣ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದ, ಹಾಲು ಉಕ್ಕುವುದರಲ್ಲಿತ್ತು. ಕೈ ಚಾಚಿ ಅವಳೇ ಒಲೆ ಆರಿಸಿದಳು.

“ಹೊಡೆದದ್ದು ನಾನಲ್ವಾ ಅಣ್ಣ.”

“ಕತ್ತಿ ನನ್ನ ಕಾಲ ಹತ್ರಾನೇ ಇತ್ತು,” ಅಣ್ಣ ಹಾಲಿನ ಪಾತ್ರೆಗೇ ಹೇಳಿದ. “ಬಗ್ಗಿದ್ರೆ ಸಿಗ್ತಿತ್ತು. ನಾನು ಗಡಿಯಾರ ನೋಡ್ತಿದ್ದೆ. ನನ್ನ ಶಕ್ತಿ ಜಾಸ್ತಿ ಇತ್ತು, ಟೈಮ್ ಮುಗಿದ್ರೆ ನಾನೇ ಗೆಲ್ತಿದ್ದೆ. ನೀನು ಹೊಡೆಯಲ್ಲ, ಕಾಯ್ತೀಯ ಅಂತ ಗೊತ್ತಿತ್ತು. ಅದಕ್ಕೇ ಎತ್ತಿಕೊಳ್ಳಲಿಲ್ಲ.”

ಅವಳು ಗೋಡೆಗೆ ಒರಗಿದಳು. ಹದಿನೈದು, ಹನ್ನೊಂದು, ಒಂಬತ್ತು, ಆರು. ಆ ಎಣಿಕೆಯನ್ನು ಎಷ್ಟು ಸಾವಿರ ಸಲ ನೆನೆದಿದ್ದಳು. ಒಮ್ಮೆಯೂ ಅದು ಅಣ್ಣನ ಕಡೆಯಿಂದ ಕಂಡಿರಲಿಲ್ಲ. ಅವನು ಬೆಪ್ಪಾಗಿ ನಿಂತಿದ್ದ, ತಾನು ಬೆಪ್ಪನಿಗೆ ಹೊಡೆದೆ ಎಂದೇ ತಿಳಿದಿದ್ದಳು.

“ಮತ್ತೆ ಯಾಕೆ ಆಡೋದು ಬಿಟ್ಟೆ?”

“ಯಾವ ಮುಖ ಇಟ್ಕೊಂಡು ಕೂರಲಿ ನಿನ್ನ ಪಕ್ಕ? ನಿನಗೆ ಗೊತ್ತಾಗಿದೆ, ಗೊತ್ತಾಗಿ ಹೊಡೆದೆ ಅಂತಲೇ ಅಂದ್ಕೊಂಡಿದ್ದೆ.”

ಅವಳಿಗೆ ಸಿಟ್ಟು ಬಂತು. ಅವನ ಮೇಲೂ, ತನ್ನ ಮೇಲೂ, ಗೋಡೆಗೆ ಒರಗಿಯೇ ಗೆದ್ದಲು ಹಿಡಿದ ಕೇರಂ ಬೋರ್ಡಿನ ಮೇಲೂ. ಆಮೇಲೆ ಅಳು ಬಂತು. ಅಣ್ಣ ಗಾಬರಿಯಾಗಿ ಕೈಗೆ ಸಿಕ್ಕಿದ ಮಸಿಬಟ್ಟೆಯನ್ನೇ ಚಾಚಿದ. ಅದನ್ನು ನೋಡಿ ಇಬ್ಬರಿಗೂ ನಗು ಬಂತು.

ಹುಡುಗಿ ತನ್ನ ಕಂಟ್ರೋಲರನ್ನು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಅತ್ತೆ ಬಿಳಿ ಜಡೆಯ ಅಜ್ಜಿಯನ್ನು ಆರಿಸಿದಾಗ ಮಾತ್ರ ಕಣ್ಣು ಅರಳಿಸಿ, ಅತ್ತೆಯ ಮುಖ, ಟಿವಿ, ಮತ್ತೆ ಅತ್ತೆಯ ಮುಖ ನೋಡಿದಳು. ಅಣ್ಣ ಎರಡನೇ ಕಂಟ್ರೋಲರನ್ನು ಬಿಸಿ ಪಾತ್ರೆ ಹಿಡಿದವನ ಹಾಗೆ ಹಿಡಿದಿದ್ದ. ಗುಂಡಿಗಳೆಲ್ಲ ಮರೆತುಹೋಗಿದ್ದವು, ಮಗಳ ಹತ್ತಿರ ಎರಡೆರಡು ಸಲ ಬೈಸಿಕೊಂಡ. ಆದರೂ ಬಾವಿಕಟ್ಟೆಯ ಬಳಿ ಹಿಮ ಬೀಳತೊಡಗಿದಾಗ ಅವನ ಹುಲ್ಲು ಟೋಪಿಯವನು ಹಳೆಯ ಗತ್ತಿನಲ್ಲೇ ಮುಂದೆ ಬಂದ.

ಮೂರನೇ ಸುತ್ತಿನಲ್ಲಿ ಅವಳ ಏಟು ಬಿತ್ತು. ಹುಲ್ಲು ಟೋಪಿಯವನ ಕತ್ತಿ ಹಾರಿ ಅವನ ಕಾಲ ಹತ್ತಿರವೇ ಬಿತ್ತು. ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಅಜ್ಜಿಯನ್ನು ಒಂದು ಸಲ ಕೂರಿಸಿ ಎಬ್ಬಿಸಿದಳು. ಅಷ್ಟರಲ್ಲೇ ಅಣ್ಣ ಬಗ್ಗಿ ಕತ್ತಿ ಎತ್ತಿಕೊಂಡುಬಿಟ್ಟಿದ್ದ.

“ಅಪ್ಪಾ, ಅವಸರ ಯಾಕೆ? ಅತ್ತೆ ಇನ್ನೊಂದು ಸಲ ಕೂರಬೇಕು,” ಎಂದಳು ಹುಡುಗಿ.

ಅಣ್ಣ ಬೆರಳುಗಳನ್ನು ಗುಂಡಿಗಳಿಂದ ತೆಗೆದ. ಗಡಿಯಾರ ಏಳಕ್ಕೆ ಬಂತು, ಆರಕ್ಕೆ ಬಂತು. ಹುಲ್ಲು ಟೋಪಿಯವನು ಕತ್ತಿ ಇಳಿಬಿಟ್ಟು ನಿಂತಿದ್ದ, ಟೋಪಿಯ ಮೇಲೆ ಹಿಮ ಬೀಳುತ್ತಿತ್ತು. ಅಜ್ಜಿ ನಿಧಾನವಾಗಿ ಇನ್ನೊಂದು ಸಲ ಕೂತು ಎದ್ದಳು.